ಆರಿದ್ರಾ ನಕ್ಷತ್ರಕ್ಕೆ ಹಾಕಿದ ತೇಪೆ

ಮೊನ್ನೆ ಸುಜಾತಾ ಫೋನ್ ಮಾಡಿದ್ದಳು. ನಾನು ನಿವೃತ್ತನಾದ ಮೇಲೆ ಸಂಚಾರಿ ತಾರಾಲಯದ ವ್ಯಾನಿಗೆ ನನ್ನ ಜಾಗದಲ್ಲಿ ಬಂದ ಹುಡುಗಿ ಈಕೆ. ನಿಪ್ಪಾಣಿಯವಳು, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಚುರುಕು. "ಸರ, ಕೈಪಿಡಿ ಎಲ್ಲಾ ಓದೀನ್ರಿ. ಆದ್ರ ಕತ್ತಲಾದ ಕೂಡ್ಲೆ ಹುಡುಗ್ರು ಸೀಟಿ ಹೊಡಿತಾರ. ಅದಕ್ಕೇನ್ ಮಾಡಬೇಕು ಅಂತ ಅದರಾಗ ಇಲ್ಲಲ್ರಿ" ಅಂದಳು.

ಇರುವುದಿಲ್ಲ ತಾಯಿ. ಕೈಪಿಡಿ ಬರೆದವರು ಗುಮ್ಮಟದೊಳಗೆ ತೆವಳಿ ಹೋದವರಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅಂತ ಇದನ್ನು ಬರೆಯಲು ಕುಳಿತಿದ್ದೇನೆ. ನನಗೆ ಬಡ್ತಿ ಸಿಕ್ಕಿದ್ದು, ಶಾಲು ಹೊದಿಸಿದ್ದು ಯಾವುದನ್ನೂ ಬರೆಯುವುದಿಲ್ಲ. ಅದರಿಂದ ನಿನಗೆ ಉಪಯೋಗವಿಲ್ಲ, ಶಾಲು ಕೂಡ ಈಗ ನುಸಿ ತಿಂದಿದೆ.

ನಮ್ಮ ಉದ್ಯೋಗವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಹಗಲಿನಲ್ಲಿ ರಾತ್ರಿ ಮಾಡುವುದು. ಶಾಲೆಯ ಬಯಲಿನಲ್ಲಿ ಬಟ್ಟೆಯ ಗುಮ್ಮಟ ಹಾಸಿ ಫ್ಯಾನು ಹಚ್ಚಿದರೆ ಅದು ಮಲಗಿದ ಎಮ್ಮೆ ಏಳುವ ಹಾಗೆ ನಿಧಾನವಾಗಿ, ಬೇಸರದಿಂದ ಏಳುತ್ತದೆ. ಮಕ್ಕಳು ಚಪ್ಪಲಿ ಬಿಟ್ಟು, ಬಟ್ಟೆಯ ಸುರಂಗದೊಳಗೆ ತೆವಳಿ ಒಳಗೆ ಹೋಗಿ ಸುತ್ತ ಕೂರುತ್ತಾರೆ. ನಡುವೆ ನಕ್ಷತ್ರ ಮೂಡಿಸುವ ಯಂತ್ರ. ದೀಪ ಆರಿಸಿದರೆ ಮಟಮಟ ಮಧ್ಯಾಹ್ನ ತಲೆಯ ಮೇಲೆ ಆಕಾಶ. ಆಮೇಲೆ ಸೀಟಿ. ಸೀಟಿಗೆ ಮದ್ದಿಲ್ಲ, ಸುಜಾತಾ. ಒಂದು ನಿಮಿಷ ಹೊಡೆಯಲು ಬಿಡು. ಆಕಾಶ ನೋಡಿ ಸೀಟಿ ಹೊಡೆಯದ ಮಕ್ಕಳು ಮುಂದೆ ಏನು ನೋಡಿ ಹೊಡೆಯಬೇಕು?

ವ್ಯಾನಿನಲ್ಲಿ ಇದ್ದವರು ನಾವಿಬ್ಬರೇ. ನಾನು ಮಾತನಾಡುವವನು. ಕುಡಚಿಯ ರಾಜೇಸಾಬ್ ಗಾಡಿ ಓಡಿಸುವವನು, ಫ್ಯಾನು ಹಚ್ಚುವವನು, ಜನರೇಟರಿಗೆ ಬೈಯುವವನು. ಊರಿನಲ್ಲಿ ಇಳಿದರೆ ನನಗೆ 'ಚಿಕ್ಕಿ ಮಾಸ್ತರ' ಎಂದು ಹೆಸರು. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಅನ್ನುತ್ತಾರೆ ತಾನೇ. ರಾಜೇಸಾಬನಿಗೆ 'ಗಾಳಿ ಮಾಸ್ತರ' ಎಂದು ಹೆಸರಿತ್ತು. ಇಬ್ಬರಲ್ಲಿ ಅವನ ಕೆಲಸವೇ ದೊಡ್ಡದು ಎಂದು ಅವನ ನಂಬಿಕೆ. "ನೀವ ಬಾಯಿ ಮುಚ್ಚಿದ್ರ ಯಾರಿಗೂ ಏನೂ ಆಗೂದಿಲ್ಲ. ನಾ ಫ್ಯಾನ್ ಮುಚ್ಚಿದ್ರ ಆಕಾಶನ ತಲಿ ಮ್ಯಾಲೆ ಬೀಳ್ತೈತಿ" ಎನ್ನುತ್ತಿದ್ದ. ಕಾಗವಾಡದಲ್ಲಿ ಒಮ್ಮೆ ಹಾಗೆಯೇ ಆಯಿತು. ತಪಾಸಣೆಗೆ ಬಂದ ಸಾಹೇಬರೊಬ್ಬರು ಒಳಗಿದ್ದಾಗ ಕರೆಂಟ್ ಹೋಗಿ, ಜನರೇಟರ್ ಮುನಿಸಿಕೊಂಡು, ಇಡೀ ಆಕಾಶಗಂಗೆ ಅವರ ಬೋಳುತಲೆಯ ಮೇಲೆ ಬಂದು ಕುಳಿತಿತು. ಅವರು ತೆವಳಿ ಹೊರಗೆ ಬಂದು "ವ್ಯವಸ್ಥೆ ತೃಪ್ತಿಕರ" ಎಂದು ಬರೆದು ಹೋದರು. ಬೇರೆ ಏನು ಬರೆದರೂ ತಾವು ತೆವಳಿದ್ದನ್ನು ಬರೆಯಬೇಕಾಗುತ್ತಿತ್ತು.

ಚಿಂಚಲಿಯ ಹತ್ತಿರ ಇನ್ನೊಂದು ಗತಿ. ಚಪ್ಪಲಿ ಹೊರಗೆ ಬಿಡಿ, ಬಗ್ಗಿ ಒಳಗೆ ಹೋಗಿ, ಒಳಗೆ ಕತ್ತಲು ಅಂದರೆ ಅಲ್ಲಿಯ ಮುದುಕಿಯರಿಗೆ ಮತ್ತೇನು ಅನಿಸಬೇಕು? ಅಲ್ಲಿಯ ದೇವಿ ಮಾಯಕ್ಕನಿಗೆ ಎರಚುವ ಹಾಗೆ ಭಂಡಾರ ತಂದು ಗುಮ್ಮಟಕ್ಕೆ ಎರಚಿಯೇ ಬಿಟ್ಟರು. ಬೇಡವೆನ್ನಲು ನಾನ್ಯಾರು? ಅರಿಶಿನ ಒಳಬಟ್ಟೆಗೂ ಹತ್ತಿ, ಆ ವರ್ಷವೆಲ್ಲ ನಮ್ಮ ಸಪ್ತರ್ಷಿಗಳು ಮದುಮಕ್ಕಳ ಹಾಗೆ ಹಳದಿಯಾಗಿದ್ದರು.

ಇನ್ನು ಹೇಳುವ ರೀತಿಗೆ ಬರುತ್ತೇನೆ. ನಕ್ಷತ್ರ ಎಲ್ಲಿದೆ ಎಂದು ಬೊಟ್ಟು ಮಾಡಿ ತೋರಿಸುವುದು ಸುಲಭ, ಅದರ ಹೊಟ್ಟೆಯಲ್ಲಿ ಏನು ನಡೆದಿದೆ ಎಂದು ಹೇಳುವುದೇ ಕಷ್ಟ. ಮೊದಮೊದಲು ನಾನು ಸೂತ್ರ ಬರೆದ ಪಟ ತೂಗುಹಾಕಿ ಹೇಳುತ್ತಿದ್ದೆ. ನಾಲ್ಕು ಹೈಡ್ರೋಜನ್ ಕೂಡಿ ಒಂದು ಹೀಲಿಯಂ, ಕೂಡುವಾಗ ತೂಕ ಚೂರು ಕಡಿಮೆಯಾಗುತ್ತದೆ, ಹೋದ ಆ ತೂಕವೇ ಬೆಳಕಾಗಿ ಬರುತ್ತದೆ ಎಂದೆ. ಅಂದು ಕೂತಿದ್ದವರೆಲ್ಲ ಕಬ್ಬು ಬೆಳೆಯುವವರ ಮಕ್ಕಳು. ಹಿಂದಿನಿಂದ ಒಬ್ಬಳು ಕೇಳಿದಳು: "ಸರ, ಚಿಕ್ಕಿಯೊಳಗೂ ಕಾಟಾ ಹೊಡಿತಾರೇನ್ರಿ?" ಕಾಟಾ ಅಂದರೆ ತೂಕದ ಕಟ್ಟೆ. ಕಬ್ಬಿನ ಗಾಡಿ ಅದರ ಮೇಲೆ ನಿಂತಾಗೆಲ್ಲ ತೂಕ ಕರಗುತ್ತದೆ ಎಂಬುದು ನಮ್ಮ ರೈತರ ಹಳೆಯ ಗುಮಾನಿ. ಗುಮ್ಮಟವೇ ಅಲುಗಾಡುವಷ್ಟು ನಕ್ಕರು. ನಾನೂ ಅಂದೆ, "ಹೊಡಿತಾರವ್ವಾ. ಆದ್ರ ಅಲ್ಲಿ ಹೋದ ತೂಕ ಬಿಸಿಲಾಗಿ ತಿರುಗಿ ನಿಮ್ಮ ಹೊಲಕ್ಕ ಬರ್ತೈತಿ." ಆ ಮಾತು ಪಟಕ್ಕಿಂತ ಚೆನ್ನಾಗಿ ಕೆಲಸ ಮಾಡಿತು.

ಆಮೇಲೆ ಜಾಣತನ ಹೆಚ್ಚಾಗಿ, ನಕ್ಷತ್ರವೆಂದರೆ ಬೆಲ್ಲದ ಗಾಣದ ಒಲೆ ಇದ್ದ ಹಾಗೆ ಎಂದು ಹೇಳತೊಡಗಿದೆ. ಚಿಕ್ಕೋಡಿಯ ಒಂದು ಶಾಲೆಯಲ್ಲಿ ಪರೀಕ್ಷೆಗೆ ಸೂರ್ಯನಿಗೆ ಬೆಳಕು ಎಲ್ಲಿಂದ ಎಂಬ ಪ್ರಶ್ನೆ ಬಂತು. ತರಗತಿಗೆ ತರಗತಿಯೇ ಬರೆದಿತ್ತು: ಸೂರ್ಯನಲ್ಲಿ ಕಬ್ಬಿನ ಸಿಪ್ಪೆ ಉರಿಯುತ್ತದೆ. ಅಲ್ಲಿಯ ವಿಜ್ಞಾನದ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಬಾಯಾರು, ಉತ್ತರ ಪತ್ರಿಕೆಯ ಕಟ್ಟು ಹೊತ್ತುಕೊಂಡೇ ನಮ್ಮ ವ್ಯಾನಿಗೆ ಬಂದರು. "ನೀವ ತಿದ್ದರಿ ಇವನ್ನ" ಎಂದು ನನ್ನ ಮಡಿಲಿಗೆ ಹಾಕಿದರು.

ಅಂದಿನಿಂದ ಉರಿ, ಒಲೆ, ಸೌದೆ ಎಂಬ ಮಾತನ್ನೇ ಬಿಟ್ಟೆ. ನಕ್ಷತ್ರದಲ್ಲಿ ಏನೂ ಸುಡುವುದಿಲ್ಲ, ಒತ್ತಿ ಕೂಡಿಸುವುದು ನಡೆಯುತ್ತದೆ. ಸಂತೆಯ ದಿನದ ಅಥಣಿ ಬಸ್ಸು ನೋಡಿದ್ದೀಯಲ್ಲ? ಮೈಗೆ ಮೈ ತಾಗಿದರೆ ಸಿಡುಕುವವರು ಕೂಡ ಹಿಂದಿನಿಂದ ಒತ್ತಡ ಬಿದ್ದರೆ ಒಂದೇ ಸೀಟಿನಲ್ಲಿ ಮೂವರು ಕೂರುತ್ತಾರೆ. ಪರಮಾಣುಗಳ ಒಳತಿರುಳೂ ಹಾಗೆಯೇ, ಒಂದನ್ನೊಂದು ಹತ್ತಿರ ಸೇರಿಸುವುದಿಲ್ಲ. ನಕ್ಷತ್ರದ ನಡುಗರ್ಭದ ಶಾಖ ಮತ್ತು ಒತ್ತಡ ಅವನ್ನು ಬಿಡುವುದಿಲ್ಲ. ಕೂಡಿದಾಗ ಬರುವ ಶಾಖ ಹೊರಗೆ ನೂಕುತ್ತದೆ, ನಕ್ಷತ್ರದ ಸ್ವಂತ ಭಾರ ಒಳಗೆ ನೂಕುತ್ತದೆ. ಈ ನೂಕಾಟ ಸಮವಾಗಿರುವತನಕ ನಕ್ಷತ್ರಕ್ಕೆ ಆಯುಷ್ಯ. ಇಷ್ಟು ಹೇಳಲು ಕಲಿಯುವಷ್ಟರಲ್ಲಿ ನನ್ನ ಕೂದಲು ಬೆಳ್ಳಗಾಗಿತ್ತು.

ಈಗ ನಿನಗೆ ಹೇಳಲೇಬೇಕಾದ ಪ್ರಸಂಗ.

ಕಬ್ಬೂರಿನಿಂದ ಆಚೆಗಿನ ಒಂದು ಊರಿನಲ್ಲಿ ಜಾಲಿಮುಳ್ಳು ಸಿಕ್ಕಿ ಗುಮ್ಮಟ ಒಂದು ಮೊಳ ಹರಿಯಿತು. ಆಕಾಶದಲ್ಲಿ ಹಗಲು ಕಾಣತೊಡಗಿತು. ಮಕ್ಕಳು ಓಡಿಹೋಗಿ ಟೇಲರಿಂಗ್ ಮಾಡುವ ಸುನಂದಾಳನ್ನು ಕರೆತಂದರು. ಆ ಶಾಲೆಯಲ್ಲಿ ಬಿಸಿಯೂಟ ಮಾಡುವ ಕಸ್ತೂರೆವ್ವನ ಮಗಳು. ಸುನಂದಾ ಹರಕನ್ನು ನೋಡಿ, "ಮಶಿನ್ನಿಗೆ ಬರೂದಿಲ್ರಿ, ಕೈಲೆ ಹಾಕಬೇಕು" ಎಂದು ಹೊರಗಿನಿಂದ ಕರಿ ಛತ್ರಿಯ ಬಟ್ಟೆ, ಒಳಗಿನಿಂದ ಬಿಳಿ ಪಾಪ್ಲಿನ್ ಇಟ್ಟು ಸಂಜೆಯೊಳಗೆ ಹೊಲಿದು ಕೊಟ್ಟಳು. ಹೊಲಿಗೆ ಎಷ್ಟು ಸಣ್ಣದಾಗಿತ್ತೆಂದರೆ ರಾಜೇಸಾಬ್ ಕೂಡ ಕೊಂಕು ತೆಗೆಯಲಿಲ್ಲ.

ನಮಗೆ ಸಹಾಯ ಮಾಡಿದವರಿಗೆ ನಾನು ಯಾವಾಗಲೂ ಒಂದು ಮರ್ಯಾದೆ ಮಾಡುತ್ತಿದ್ದೆ. ಅವರು ಹುಟ್ಟಿದ ನಕ್ಷತ್ರ ಯಾವುದೆಂದು ಕೇಳಿ, ಅದನ್ನು ಗುಮ್ಮಟದಲ್ಲಿ ತೋರಿಸುತ್ತಿದ್ದೆ. ತಮ್ಮ ನಕ್ಷತ್ರದ ಹೆಸರು ಎಲ್ಲರಿಗೂ ಗೊತ್ತು, ಮುಖ ಯಾರೂ ಕಂಡಿರುವುದಿಲ್ಲ. ಮರುದಿನ ಮಕ್ಕಳ ನಡುವೆ ಸುನಂದಾಳನ್ನು ಕೂರಿಸಿ ಕೇಳಿದೆ. "ಆರಿದ್ರಾ ರಿ" ಎಂದಳು ನಾಚುತ್ತ. ನನಗೋ ಖುಷಿಯೇ ಖುಷಿ. ಸಾಲಾಗಿರುವ ಮೂರು ಚಿಕ್ಕಿಗಳ ಹತ್ತಿರ ಕೆಂಪಗೆ ಕೂತಿರುವ ಆರಿದ್ರಾ ಅಂದರೆ ಆಕಾಶದ ಗೌಡತಿ, ಅದರ ಬಗ್ಗೆ ಹೇಳಲು ಬೇಕಾದಷ್ಟಿದೆ. ಎಲ್ಲವನ್ನೂ ಹೇಳಿದೆ. ಅದು ಎಷ್ಟು ದೊಡ್ಡದು, ಒಳಗೆ ಏನೇನು ತಯಾರಾಗುತ್ತಿದೆ, ಕೊನೆಗೆ ಒಂದು ದಿನ ಹೇಗೆ ಸಿಡಿದು ಹೋಗುತ್ತದೆ ಎಂದು ಕೈ ಬೀಸಿ ಬೀಸಿ ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಚಪ್ಪಾಳೆಯ ಸದ್ದು ಆರುವ ಮೊದಲೇ ಊರ ತುಂಬ ಸುದ್ದಿ: ಸುನಂದಕ್ಕನ ನಕ್ಷತ್ರ ಸಿಡಿದು ಸಾಯುತ್ತದಂತೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ಬೇರೆ. ಮೊದಲು ಬಂದವನು ಸೋಯಾಬೀನ್ ಬಿತ್ತುವ ರೈತ. "ಮಾಸ್ತರ್ರ, ಆರಿದ್ರಾ ಸತ್ರ ಆರಿದ್ರಾ ಮಳಿ ಗತಿ ಏನ್ರಿ? ಮಿರಗದ ಮಳಿ ಮುಗದ ಕೂಡ್ಲೆ ಪುನರ್ವಸುಗೆ ಹೋಗಬೇಕೇನ?" ಎಂದು ನಿಜವಾಗಿ ಚಿಂತೆಯಲ್ಲಿ ಕೇಳಿದ. ಮಳೆ ತರುವುದು ಆ ನಕ್ಷತ್ರವಲ್ಲ, ಸೂರ್ಯ ಅದರ ದಿಕ್ಕಿಗೆ ಬಂದಾಗ ಬೀಳುವ ಮಳೆಗೆ ಆ ಹೆಸರು ಎಂದು ಹೇಳಿ ಕಳಿಸಿದೆ. ಅವನು ಅರ್ಧ ನಂಬಿ ಹೋದ.

ಎರಡನೆಯವಳು ಕಸ್ತೂರೆವ್ವ. ಕೈಯಲ್ಲಿ ಸಾರಿನ ಸೌಟು ಹಾಗೇ ಇತ್ತು. ಬಂದವಳೇ ವ್ಯಾನಿನ ಮುಂದೆ ನಿಂತಳು. ಸುನಂದಾಳ ಲಗ್ನ ಅಥಣಿ ಕಡೆಯ ಒಂದು ಊರಿಗೆ ನಿಶ್ಚಯವಾಗಿತ್ತು. ಹುಡುಗನ ಸೋದರತ್ತೆ ಇದೇ ಊರಿನವಳು. ಮಧ್ಯಾಹ್ನವೇ ಫೋನ್ ಹೋಗಿತ್ತು. ಹುಡುಗನ ಮನೆಯ ಅಜ್ಜಿ, ಸಾಯುವ ನಕ್ಷತ್ರದ ಹುಡುಗಿ ಬಂದರೆ ಮನೆಗೆ ಕೇಡು, ಈ ಲಗ್ನ ಬೇಡ ಎಂದುಬಿಟ್ಟಿದ್ದಳು.

"ನನ್ನ ಮಗಳ ನಕ್ಷತ್ರ ಸಿಡಿಸಿದವ್ರು ನೀವ. ನೀವ ಕೂಡಿಸಿ ಕೊಡ್ರಿ" ಎಂದಳು ಕಸ್ತೂರೆವ್ವ. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಆದರೂ ಒಂದು ಹುಡುಗಿಯ ಮನೆಯ ಬಾಗಿಲಿಗೆ ಕಟ್ಟಬೇಕಾದ ತೋರಣ ನನ್ನ ಕೈಯಿಂದ ಹರಿದಿತ್ತು.

ಕಚೇರಿಯ ಸಾಹೇಬರಿಗೆ ಫೋನ್ ಮಾಡಿದೆ. ನಮ್ಮ ಸಾಹೇಬರು ಒಳ್ಳೆಯವರು, ಆದರೆ ತಕರಾರು ಎಂಬ ಮಾತು ಕೇಳಿದರೆ ಅವರಿಗೆ ಬೆವರು. "ಇಷ್ಟಕ್ಕ ಯಾಕ ತಲಿ ಕೆಡಿಸ್ಕೋತೀರಿ? ಸಾವಿರ ಸುಳ್ಳ ಹೇಳಿ ಒಂದ ಲಗ್ನ ಮಾಡು ಅಂತ ದೊಡ್ಡವ್ರ ಹೇಳ್ಯಾರ. ನೀವ ಒಂದ ಹೇಳ್ರಿ, ಸಾಕು. ಯಂತ್ರ ತಪ್ಪ ತೋರಿಸಿತ್ತು, ಸಿಡಿಯೂದು ಬ್ಯಾರೆ ನಕ್ಷತ್ರ ಅನ್ರಿ" ಎಂದರು.

ಹೇಳಿಬಿಡೋಣ ಎಂದೇ ಇದ್ದೆ, ಸುಜಾತಾ. ಆಕಾಶದಲ್ಲಿ ನಕ್ಷತ್ರಗಳಿಗೇನು ಬರ. ಆದರೆ ಆ ಮನೆಗೆ ಹೋಗಿ ಹೇಳಲು ಗಾಡಿ ಅಥಣಿಗೆ ಹೊರಡುವಾಗ ಸುನಂದಾ ಬಂದಳು. ಬಟ್ಟೆಯ ಸುರುಳಿಯ ಮೇಲೆ ತನ್ನ ಹೊಲಿಗೆ ಬಿಚ್ಚಿದೆಯೇ ಎಂದು ಬೆರಳಾಡಿಸಿ ನೋಡಿದಳು. ಫೋನಿನ ಮಾತು ಅವಳ ಕಿವಿಗೂ ಬಿದ್ದಿತ್ತೇನೋ, ತಲೆ ಎತ್ತದೆ ಹೇಳಿದಳು: "ಸರ, ಇದ್ದದ್ದ ಇದ್ಹಂಗ ಹೇಳ್ರಿ. ಸುಳ್ಳ ಹೇಳಿ ಹೋದ್ರ, ಅದು ಯಾವತ್ತ ಹೊರಗ ಬೀಳ್ತೈತೋ ಅಂತ ನಾ ಅಲ್ಲಿ ದಿನಾ ಅಂಜಿಕೋತ ಇರಬೇಕಾಕ್ಕೈತಿ." ರಾಜೇಸಾಬ್ ಗಾಡಿಯನ್ನು ಅಥಣಿಯ ದಾರಿಗೆ ಹಚ್ಚಿದ.

ಆ ಮನೆ ದ್ರಾಕ್ಷಿ ತೋಟದ ನಡುವೆ ಇತ್ತು. ದೊಡ್ಡ ಅಂಗಳ. ಅಜ್ಜಿಯ ಹೆಸರು ಗೌರಕ್ಕ, ಕಡ್ಡಿಯಂಥ ದೇಹ, ಅಂಗಳದ ಈ ತುದಿಯಿಂದ ಆ ತುದಿಗೆ ಕೇಳುವ ದನಿ. ಹುಡುಗ ಮಾತ್ರ ಮೊಬೈಲು ಹಿಡಿದುಕೊಂಡು ಕಂಬದ ಮರೆಯಲ್ಲಿ ನಿಂತಿದ್ದ. ನಾನು ಕೈ ಮುಗಿದು, "ಅಜ್ಜೀ, ಸುದ್ದಿ ಕೇಳಿ ಬ್ಯಾಡ ಅಂದೀರಿ. ಒಮ್ಮೆ ಕಣ್ಣಲೆ ನೋಡಿ ಬ್ಯಾಡ ಅನ್ರಿ" ಎಂದೆ. ರಾಜೇಸಾಬ್ ಆಗಲೇ ಅಂಗಳದಲ್ಲಿ ಗುಮ್ಮಟ ಹಾಸಿ ಫ್ಯಾನು ಹಚ್ಚಿದ್ದ. ಅದು ಎದ್ದು ನಿಂತ ಮೇಲೆ ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. "ನಾ ಒಬ್ಬಾಕಿನ ಹೋಗ್ತೀನಿ. ನಾ ತೆವಳೂದನ್ನ ಸೊಸೆಂದ್ರು ನೋಡೂದ ಬ್ಯಾಡ" ಎಂದು ಅಜ್ಜಿ ಎಲ್ಲರನ್ನೂ ಆಚೆ ಕಳಿಸಿ ಒಳಗೆ ಬಂದಳು.

ದೀಪ ಆರಿಸಿದೆ. ಅಜ್ಜಿ ಸೀಟಿ ಹೊಡೆಯಲಿಲ್ಲ, ಆದರೆ "ಯವ್ವಾ" ಎಂದಳು. ಆಮೇಲೆ, "ಅಲ್ಲೊಂದು ಹೊಲಗಿ ಕಾಣ್ತೈತಲ್ಲ, ಯಾರ ಹಾಕಿದ್ದು?" ಎಂದಳು. ಆ ಕತ್ತಲಲ್ಲೂ ಅವಳ ಕಣ್ಣು ಅದರ ಮೇಲೆಯೇ ಬಿದ್ದಿತ್ತು. "ಸುನಂದಾ ಹಾಕಿದ್ರಿ" ಎಂದೆ. "ಕೈ ಚಲೋ ಐತಿ" ಎಂದಳು. ನಾನು ಯಂತ್ರ ತಿರುಗಿಸಿ ಆರಿದ್ರಾವನ್ನು ಆ ತೇಪೆಯ ಪಕ್ಕಕ್ಕೇ ತಂದೆ.

"ಇದ ಏನ ಸಾಯೂದು?"

"ಇದ ಅಜ್ಜಿ. ಸುಳ್ಳ ಹೇಳೂದಿಲ್ಲ, ಒಂದಿನ ಸಿಡೀತೈತಿ. ನಾಳೆನೂ ಆಗಬಹುದು, ಆದ್ರ ತಿಳಿದವ್ರು ಇನ್ನೂ ಲಕ್ಷ ವರ್ಷ ಹೋದೀತು ಅಂತಾರ."

"ಲಕ್ಷ ವರ್ಷಾ?" ಅಜ್ಜಿ ನಕ್ಕಳು. "ಅಲ್ಲೀತನ ಈ ಮನ್ಯಾಗ ಯಾರ ಇರ್ತಾರೋ ತಮ್ಮಾ. ಅದ ಬಿಡು. ಸಿಡಿದು ಏನ್ ಮಾಡ್ತೈತಿ, ಅದ ಹೇಳು."

ಹೇಳಿದೆ. ಎಲ್ಲಕ್ಕಿಂತ ಮೊದಲು ಇದ್ದದ್ದು ಹೈಡ್ರೋಜನ್, ಅದು ನಕ್ಷತ್ರಗಳಿಗಿಂತ ಹಳೆಯದು, ನೀವು ಕುಡಿಯುವ ನೀರಿನಲ್ಲಿ ಈಗಲೂ ಇದೆ. ನಕ್ಷತ್ರ ಅದನ್ನು ಒತ್ತಿ ಹೀಲಿಯಂ ಮಾಡುತ್ತದೆ. ನಮ್ಮ ಸೂರ್ಯ ಈಗ ಮಾಡುತ್ತಿರುವುದು ಅಷ್ಟೇ. ಅದು ತೀರಿದ ಮೇಲೆ ಹೀಲಿಯಂ ಒತ್ತಿ ಇಂಗಾಲ, ಆಮ್ಲಜನಕ. ಸೂರ್ಯ ಅಲ್ಲಿಗೆ ದಣಿದು ಕೂರುತ್ತಾನೆ. ಆರಿದ್ರಾದಂಥ ದೊಡ್ಡ ನಕ್ಷತ್ರಗಳು ದಣಿಯುವುದಿಲ್ಲ. ಇಂಗಾಲದಿಂದ ನಿಯಾನ್, ಮೆಗ್ನೀಷಿಯಂ, ಮುಂದೆ ಸಿಲಿಕಾನ್, ಕೊನೆಗೆ ಕಬ್ಬಿಣ. ಕಬ್ಬಿಣ ಬಂತೆಂದರೆ ಮುಗಿಯಿತು. ಕಬ್ಬಿಣವನ್ನು ಕೂಡಿಸಿದರೆ ಶಾಖ ಬರುವುದಿಲ್ಲ, ಕೈಯಿಂದಲೇ ಹಾಕಬೇಕಾಗುತ್ತದೆ. ಹೊರಗೆ ನೂಕುವ ಬಲ ನಿಂತು ನಡುಗರ್ಭ ಕುಸಿಯುತ್ತದೆ, ಹೊರಗಿನದು ಸಿಡಿದು ಹೋಗುತ್ತದೆ.

"ಸಿಡಿದದ್ದು ಹಾಳಾಗೂದಿಲ್ಲಜ್ಜಿ. ಒಳಗ ಮಾಡಿದ್ದೆಲ್ಲಾ ಹೊರಗ ಹಂಚಿ ಹೋಕ್ಕೈತಿ. ಹಿಂದ ಹಿಂಗ ಹೋದ ಚಿಕ್ಕಿಗಳದ ನಿಮ್ಮ ಕುಡಗೋಲಿನ ಕಬ್ಬಿಣ. ನಾವ ಎಳಿಯೂ ಉಸರನ್ಯಾಗಿನ ಆಮ್ಲಜನಕ. ಬೀಸೂ ಕಲ್ಲಿನ್ಯಾಗಿನ ಸಿಲಿಕಾನು."

"ನನ್ನ ಎಲುಬು?"

"ಅದರಾಗಿನ ಸುಣ್ಣಾನೂ ಅಜ್ಜಿ."

"ಬಂಗಾರ?"

"ಅದಕ್ಕ ಇಷ್ಟ ಸಾಲೂದಿಲ್ರಿ. ಚಿಕ್ಕಿ ಸಿಡಿದ ಮ್ಯಾಲೆ ಉಳಿದ ನಡುವಿನ ಗಟ್ಟಿ ಎರಡು ಒಂದಕ್ಕೊಂದ ಬಡಿದು ಕೂಡಬೇಕು. ಬಂಗಾರದಾಗಿನ ಭಾಳಷ್ಟು ಹಂಗ ಆಗಿದ್ದು ಅಂತಾರ."

ಸುನಂದಾಳ ಲಗ್ನ ಇಲ್ಲಿ ಉಳಿಯಿತು ಅಥವಾ ಮುರಿಯಿತು ಎಂದು ಕೈ ಯಂತ್ರದ ಮೇಲಿಟ್ಟು ಕಾದೆ. ಆಮೇಲೆ, ಅಂಗಳದಾಚೆಗೆ ಕೇಳುವ ಆ ದನಿ ಪಿಸುಮಾತಾಗಿ ಬಂತು.

"ತಮ್ಮಾ, ನಂದೂ ಇದ."

ನನಗೆ ತಿಳಿಯಲಿಲ್ಲ. "ಏನ್ರಿ?"

"ನಂದೂ ಆರಿದ್ರಾ. ರುದ್ರನ ನಕ್ಷತ್ರ, ಕಡಕ್ ಆತು, ಯಾರೂ ಮಾಡ್ಕೊಳ್ಳೂದಿಲ್ಲಂತ ನಮ್ಮಪ್ಪ ಲಗ್ನದಾಗ ರೋಹಿಣಿ ಅಂತ ಹೇಳಿದ್ದ. ಈ ಮನ್ಯಾಗ ಏನರ ಹಾಳ ಆದಾಗೊಮ್ಮೆ, ಎಮ್ಮಿ ಸತ್ರ, ಬೆಳಿ ಹೋದ್ರ, ನನ್ನಿಂದನ ಆತೇನೋ ಅಂತ ಒಳಗೊಳಗ ಸಾಯ್ತಿದ್ದೆ. ನಮ್ಮವರಿಗೂ ಹೇಳಲಿಲ್ಲ. ಅವರು ಹೋಗೇ ಬಿಟ್ರು." ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದು ಕೇಳಿತು. "ಆ ಹುಡುಗಿ ಬ್ಯಾಡ ಅಂದಿದ್ದು ಯಾಕ ಗೊತ್ತೈತೇನ? ಒಂದ ಮನ್ಯಾಗ ಎರಡ ಆಗ್ತಾವಲ್ಲಾ ಅಂತ ಅಂಜಿದೆ."

ಸುನಂದಾ ಗಾಡಿಯ ಹತ್ತಿರ ಹೇಳಿದ ಮಾತನ್ನು ಅಜ್ಜಿಗೆ ಹೇಳಿದೆ, ದಿನಾ ಅಂಜಿಕೋತ ಇರಬೇಕಾಕ್ಕೈತಿ ಅಂದದ್ದನ್ನು. ಅಜ್ಜಿ "ಹೂಂ" ಎಂದಳು, ಅಷ್ಟೇ. ಸಾಹೇಬರ ಆ ಒಂದು ಸುಳ್ಳನ್ನು ಹೇಳಿದ್ದರೆ ಈ ಮುದುಕಿ ತನ್ನ ಹಾಗೆಯೇ ಅಂಜಿ ಬದುಕುವ ಇನ್ನೊಂದು ರೋಹಿಣಿಯನ್ನು ಮನೆತುಂಬಿಸಿಕೊಳ್ಳುತ್ತಿದ್ದಳು.

ಅಜ್ಜಿ ತೆವಳಿ ಹೊರಗೆ ಹೋದಳು. ಮಗ, "ಏನಂದ್ರವ್ವಾ?" ಎಂದು ಕೇಳಿದ. ಅವಳು ಅವನಿಗೆ ಉತ್ತರ ಕೊಡದೆ ರಾಜೇಸಾಬನಿಗೆ ಕೂಗಿದಳು: "ಏ ಗಾಳಿ ಸಾಬಾ, ಗಾಳಿ ಬಿಡಬ್ಯಾಡೋ. ಎಲ್ಲಾರೂ ಒಳಗ ಬರ್ರಿ. ಸೊಸೆಂದ್ರೂ ಬರ್ರಿ. ಲೇ, ಕಂಬದ ಹಿಂದ ಏನ ಮಾಡಾಕತ್ತಿ, ನೀ ಮೊದಲ ಬಾ."

ಆ ಮನೆಯವರೆಲ್ಲ ಒಬ್ಬರ ಹಿಂದೊಬ್ಬರು ತೆವಳಿ ಬಂದು ಕೂತರು. ಹುಡುಗನ ಮೊಬೈಲನ್ನು ಅಜ್ಜಿಯೇ ಕಿತ್ತು ಮಡಿಲಲ್ಲಿಟ್ಟುಕೊಂಡಳು. ದೀಪ ಆರಿಸಿ ಆಕಾಶ ತಂದೆ. ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯಬೇಕು, ಅಷ್ಟರಲ್ಲಿ ಕತ್ತಲಲ್ಲಿ ಗೌರಕ್ಕಜ್ಜಿಯ ದನಿ ಕೇಳಿತು, ಪಿಸುಮಾತಿನದಲ್ಲ, ಅಂಗಳದ್ದು.

"ಆ ಕೆಂಪಂದು ಐತಲ್ಲ, ಅದು ನಂದು. ರೋಹಿಣಿ ಅಲ್ಲ, ಆರಿದ್ರಾ. ಇಷ್ಟ ವರ್ಷ ನನ್ನಿಂದ ಈ ಮನಿಗೆ ಏನರ ಕೇಡ ಆಗಿದ್ರ ಈಗ ಹೇಳ್ರಿ." ಕತ್ತಲಲ್ಲಿ ಸೊಸೆಯರ ಬಳೆ ಸದ್ದಾಯಿತು. "ಅದರ ಬಾಜೂಕ ಬಿಳಿ ತೇಪಿ ಐತಿ, ಕಾಣ್ತೈತೇನ? ಅದು ನಮ್ಮ ಸುನಂದಾ ಹಾಕಿದ್ದು."

ವ್ಯಾನಿಗೆ ಈಗ ಬಂದಿರುವ ಹೊಸ ಯಂತ್ರ ಮಾತನ್ನೂ ತಾನೇ ಆಡುತ್ತದಂತೆ, ಯಾರೋ ಪಟ್ಟಣದವರ ದನಿ. ಇರಲಿ, ಒಳ್ಳೆಯದೇ. ಆದರೆ ಗುಮ್ಮಟ ಅದೇ ಹಳೆಯದು, ತೇಪೆ ಇನ್ನೂ ಬಿಚ್ಚಿಲ್ಲ. ಆರಿದ್ರಾ ಅದರ ಹತ್ತಿರ ಬಂದಾಗ ಆ ದನಿಯನ್ನು ಒಂದು ನಿಮಿಷ ಬಂದ್ ಮಾಡು ಸುಜಾತಾ. ಕೂತವರಲ್ಲಿ ಯಾರಾದರೂ ಮಾತಾಡುವವರಿರಬಹುದು.